ಹೋಗುವವರ ಹಿಂದೆ ಚೆಲ್ಲಿದ ನೀರು

ಜನವರಿ ತಿಂಗಳು. ನೀರು ಮಂತ್ರಿಸುವ ಹಬ್ಬದ ಮರುದಿನ, ಇನ್ನೂ ಸರಿಯಾಗಿ ಬೆಳಕು ಹರಿಯದ ಹೊತ್ತು.

ಪಿರೋತ್ ಊರಿನಲ್ಲಿ ಆ ವರ್ಷ ಬಿದ್ದಂಥ ಚಳಿಯನ್ನು ಆಮೇಲೆ ಯಾರೂ ಕಾಣಲಿಲ್ಲ. ನಿಶಾವಾ ಹೊಳೆ ದಂಡೆಯಿಂದ ದಂಡೆಗೆ ಬೆಳ್ಳಗೆ ಕಟ್ಟಿ ನಿಂತಿತ್ತು. ತಿಯಬಾರಾ ಕೇರಿಯಲ್ಲಿ ನಾಯಿಗಳೂ ಬೊಗಳುತ್ತಿರಲಿಲ್ಲ. ಆದರೆ ಮುದುಕಿ ಸ್ತಾನಾಳ ಕೂಗು ಮಾತ್ರ ಬೀದಿಯ ತುದಿಯವರೆಗೂ ಕೇಳುತ್ತಿತ್ತು.

"ಬಿಡಬೇಡ! ಕೈ ತೆಗೆದೆಯೋ, ನೋಡು ಮತ್ತೆ! ಸೋರ್ತಿರೋದು ನೀರಲ್ಲ ಕಣೇ, ದುಡ್ಡು!"

ಪಾಯಿಖಾನೆಯಲ್ಲಿ ಮುಕ್ಕಾಲಿಯ ಮೇಲೆ ನಿಂತು, ಗೋಡೆಯ ಎತ್ತರದಲ್ಲಿದ್ದ ಪಿಂಗಾಣಿ ಟ್ಯಾಂಕನ್ನು ಎರಡೂ ಅಂಗೈಗಳಿಂದ ಅವುಚಿ ಹಿಡಿದಿದ್ದಳು ಮಗಳು ನೆವೆನಾ. ರಾತ್ರಿ ಟ್ಯಾಂಕಿನೊಳಗಿನ ನೀರು ಹೆಪ್ಪುಗಟ್ಟಿ ಪಿಂಗಾಣಿಯನ್ನು ಸೀಳಿತ್ತು. ಬೆಳಿಗ್ಗೆ ಒಲೆ ಹಚ್ಚಿದ ಮೇಲೆ ಗಡ್ಡೆ ಕರಗಿ, ಬಿರುಕಿನಿಂದ ನೀರು ಸುರಿಯತೊಡಗಿತ್ತು. ಅವಳ ತೋಳಿನೊಳಗೆ, ಕಂಕುಳಿಗೆ, ಬೆನ್ನಿಗೆ...

"ಅಮ್ಮಾ, ಕೈ ಮರಗಟ್ಟಿದೆ..."

"ಒದ್ದೆ ಕೈ ಒಣಗತ್ತೆ. ಸುರಿದ ನೀರು ವಾಪಸ್ ಬರತ್ತಾ?"

ಆ ಮನೆಯಲ್ಲಿ ಟ್ಯಾಂಕಿನ ಸರಪಳಿ ಎಳೆಯುತ್ತಿದ್ದದ್ದು ದಿನಕ್ಕೊಂದೇ ಸಲ. ಉಳಿದ ಹೊತ್ತಿಗೆ ಪಾತ್ರೆ ತೊಳೆದ ನೀರನ್ನೇ ಬಕೆಟ್ಟಿನಲ್ಲಿ ತಂದು ಹೊಯ್ಯಬೇಕು. ಜಿಪುಣತನಕ್ಕೆ ನಮ್ಮೂರಿನವರನ್ನು ಇಡೀ ಸೀಮೆ ಆಡಿಕೊಳ್ಳುತ್ತದೆ. ನಮ್ಮೂರಿನವರು ಸ್ತಾನಾಳನ್ನು ಆಡಿಕೊಳ್ಳುತ್ತಿದ್ದರು.

ಬಾಗಿಲು ತೆರೆದುಕೊಂಡಿತು. ಅಣ್ಣ ತೊದೋರನ ಹಿಂದೆ, ಕುರಿಚರ್ಮದ ಅಂಗಿ ತೊಟ್ಟು, ಚರ್ಮದ ಚೀಲ ಹೆಗಲಿಗೇರಿಸಿದ ಒಬ್ಬ ಎತ್ತರದ ಮನುಷ್ಯ. ನಲ್ಲಿ ಮೇಸ್ತ್ರಿ ರಾಂಗೆಲ್.

ಅವನು ಒಂದು ಕ್ಷಣ ಅವಳನ್ನು ನೋಡಿದ. ನೆಲಮಾಳಿಗೆಗೆ ಇಳಿದು ವಾಲ್ವ್ ತಿರುಗಿಸಿ ಬಂದ. ನೀರು ನಿಂತಿತು.

"ಸಾಕು. ಬಿಡಿ ಇನ್ನು."

ಅವಳು ಬಿಡಲಿಲ್ಲ.

"ಬಿಡಿ ಅಂದೆ..."

"ಆಗ್ತಿಲ್ಲ!" ಅವಳ ದನಿ ಒಡೆಯಿತು. ಬೆರಳುಗಳು ಮಡಚಿದ ಹಾಗೇ ನಿಂತುಬಿಟ್ಟಿದ್ದವು.

ರಾಂಗೆಲ್ ಮುಕ್ಕಾಲಿಯ ಪಕ್ಕ ನಿಂತು ಒಂದೊಂದೇ ಬೆರಳನ್ನು ಪಿಂಗಾಣಿಯಿಂದ ಬಿಡಿಸಿದ. ಬಿಡಿಸಿದ ಕೈಗಳನ್ನು ತನ್ನ ಕುರಿಚರ್ಮದೊಳಗೆ, ಎದೆಯ ಮೇಲೆ ಇಟ್ಟುಕೊಂಡ. ಕೆಲಸದವನು ಒಂದು ಒಡೆಯುವ ಸಾಮಾನನ್ನು ಇಟ್ಟುಕೊಳ್ಳುವ ಹಾಗೆ, ಅಷ್ಟೇ ಜೋಪಾನವಾಗಿ.

"ಎಷ್ಟು ಹೊತ್ತಾಯ್ತು ಹೀಗೆ ಹಿಡ್ಕೊಂಡು?"

"ಅಣ್ಣ ನಿಮ್ಮನ್ನ ಕರೆಯೋಕೆ ಹೊರಟಾಗಿಂದ."

ರಾಂಗೆಲ್ ತಿರುಗಿ ತೊದೋರನನ್ನು ನೋಡಿದ. "ಹೌದಾ? ನಿಮ್ಮಣ್ಣ ನನ್ನ ರೂಮಲ್ಲಿ ಕೂತು ಕಾಫಿ ಕುಡಿದು, ಇನ್ನೊಂದು ಲೋಟ ಕೇಳಿದ್ರಲ್ಲಾ!"

ತೊದೋರ್ ನಕ್ಕ. "ಚಳಿ ಕಣಯ್ಯಾ ಮೇಸ್ತ್ರಿ, ಚಳಿ!"

ನೆವೆನಾ ನಗಲಿಲ್ಲ. ಅವಳ ಅಂಗೈ ಕೆಳಗೆ ಯಾರದೋ ಎದೆ ಬಡಿಯುತ್ತಿತ್ತು. 'ಇಷ್ಟು ಜೋರಾಗಿ ಬಡಿಯೋದು ಇವನದಾ, ನಂದಾ...?' ಇಪ್ಪತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವಳಿಗೆ ಕೈ ಹಿಂದಕ್ಕೆ ತೆಗೆದುಕೊಳ್ಳಲು ಮನಸ್ಸಾಗಲಿಲ್ಲ.

---

ಟ್ಯಾಂಕು ಬದಲಾಯಿಸುವುದು ಒಂದು ದಿನದ ಕೆಲಸ. ರಾಂಗೆಲ್ ಅದನ್ನು ಎಳೆದ ಪರಿಯೇ ಬೇರೆ!

ಮೊದಲ ದಿನ ಒಡೆದ ಟ್ಯಾಂಕು ಇಳಿಸಿದ. ಮತ್ತೊಂದು ದಿನ ಅಳತೆ ತೆಗೆದ. ಅದರ ಮರುದಿನ, ತೆಗೆದ ಅಳತೆ ಸರಿ ಇದೆಯಾ ಅಂತ ಇನ್ನೊಮ್ಮೆ ಅಳೆದ. ಗೋಡೆಯ ಬ್ರಾಕೆಟ್ ತುಕ್ಕು ಹಿಡಿದಿದೆ ಅಂದ. ಹೊಸದನ್ನು ಸಿಮೆಂಟಿನಲ್ಲಿ ಕೂರಿಸಿ, ಈ ಚಳಿಯಲ್ಲಿ ಸಿಮೆಂಟು ನಿಧಾನಕ್ಕೆ ಒಣಗುತ್ತದೆ, ದಿನಾ ಬಂದು ನೋಡಬೇಕು ಅಂದ.

ಪಾಯಿಖಾನೆಯ ಎದುರಿಗೇ ನೆವೆನಾಳ ಮಗ್ಗ. ಅವಳು ಜಮಖಾನೆ ನೇಯುತ್ತಾ ಕೂರುವಳು, ಅವನು ಸಿಮೆಂಟನ್ನು ಬೆರಳಿನಿಂದ ತಟ್ಟಿ ನೋಡುತ್ತಾ ನಿಲ್ಲುವನು.

"ಒಣಗಿತಾ ಮೇಸ್ತ್ರಿ?"

"ಎಲ್ಲಿ ಒಣಗತ್ತೆ? ನೀವು ಈ ಕಡೆ ನೋಡಿದಾಗೆಲ್ಲ ಮತ್ತೆ ಒದ್ದೆ ಆಗತ್ತೆ."

"ಹಾಗಾದ್ರೆ ನೋಡಲ್ಲ ಬಿಡಿ."

"ಅಯ್ಯೋ, ನೋಡ್ರೀ! ಒದ್ದೆಯಾದ್ರೇನಂತೆ..."

ಅತ್ತಿಗೆ ಪೆರ್ಸಾ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಅಲ್ಲೇ ಸುಳಿಯುವಳು. ತುಟಿ ಕೊಂಕಿಸಿ ಅನ್ನುವಳು: "ನಮ್ಮ ನಾದಿನಿಗೆ ಮೂವತ್ತು ತುಂಬ್ತಾ ಬಂತು ನೋಡಿ ಮೇಸ್ತ್ರಿ. ಕಕ್ಕಸು ರಿಪೇರಿಗೆ ಬಂದವರೂ ಹೆಣ್ಣು ನೋಡೋಕೆ ಬಂದ ಹಾಗೇ ಕಾಣ್ತಾರೆ ಪಾಪ!"

ನೆವೆನಾ ತಲೆ ತಗ್ಗಿಸಿ ನೂಲು ಬಡಿಯುವಳು. ಧಡ್... ಧಡ್...

ಹಿಂದೆ ಎರಡು ಸಂಬಂಧ ಬಂದಿದ್ದವು. ಒಬ್ಬನಿಗೆ ತೊದೋರ್, ತಂಗಿಗೆ ಮೂರ್ಛೆರೋಗ ಇದೆ ಅಂದಿದ್ದ. ಇನ್ನೊಬ್ಬನ ಮುಂದೆ ತಾಯಿಯೇ, "ಇವಳಿಗೆ ಮಕ್ಕಳಾಗಲ್ಲ ಅಂತ ಡಾಕ್ಟರು ಹೇಳಿದಾರೆ" ಅಂದುಬಿಟ್ಟಿದ್ದಳು. ಎರಡೂ ಸುಳ್ಳು. ನೆವೆನಾಳ ಮಗ್ಗದ ಮೇಲೆ ಆ ಮನೆ ನಿಂತಿತ್ತು. ತೊದೋರ್ ಕಟ್ಟಿಸುತ್ತಿದ್ದ ಮಹಡಿ ಅವಳ ಬೆರಳುಗಳಿಂದಲೇ ಏಳುತ್ತಿತ್ತು. ಅಂಥ ಬೆರಳನ್ನು ಯಾರು ಕಳಿಸಿಕೊಡುತ್ತಾರೆ?

ಸಿಮೆಂಟು ಕಡೆಗೂ ಒಣಗಿತು. ಹೊಸ ಟ್ಯಾಂಕು ತರಲು ರಾಂಗೆಲ್ ನಿಶ್ ಪಟ್ಟಣಕ್ಕೆ ಹೊರಟ. ಹೊರಡುವ ಮುಂಚೆ ಮಗ್ಗದ ಹತ್ತಿರ ಬಂದು ದನಿ ತಗ್ಗಿಸಿದ.

"ಟ್ಯಾಂಕು ಕೂರಿಸಿದ ದಿನ ನಿಮ್ಮಣ್ಣನ ಹತ್ರ ಒಂದು ಮಾತು ಕೇಳೋದಿದೆ."

"ಏನು ಮಾತು?"

"ಅವತ್ತೇ ಗೊತ್ತಾಗತ್ತೆ."

ಅವನ ಕಿವಿ ಕೆಂಪಾಗಿತ್ತು. ನೆವೆನಾಳ ಕೈಯಿಂದ ನೂಲುಂಡೆ ಜಾರಿ ನೆಲದ ಮೇಲೆ ಉರುಳಿತು.

ಅವನು ಬಾಗಿಲು ದಾಟಿದ್ದೇ ತಡ, ಅವಳು ಒಂದು ಚೊಂಬು ನೀರು ತಂದು ಅವನು ಹೋದ ದಾರಿಗೆ ಹೊಸ್ತಿಲಿಂದಾಚೆ ಚೆಲ್ಲಿದಳು. ಹೊರಟವರ ಹಿಂದೆ ನೀರು ಚೆಲ್ಲಿದರೆ ಹೋದ ಕೆಲಸ ನೀರಿನ ಹಾಗೆ ಸಲೀಸಾಗಿ ಹರಿಯುತ್ತದೆ ಎಂದು ನಮ್ಮಲ್ಲಿ ಎಲ್ಲ ತಾಯಂದಿರೂ ಚೆಲ್ಲುತ್ತಾರೆ.

"ಯಾರಪ್ಪನ ನೀರು ಅಂತ ಚೆಲ್ತಿದೀಯೇ?" ಸ್ತಾನಾ ಬೆನ್ನ ಹಿಂದೆ ಬಂದು ನಿಂತಿದ್ದಳು. "ಅದು ಹೆಪ್ಪುಗಟ್ಟಿ ನಾನು ಜಾರಿ ಸಾಯ್ಬೇಕಾ? ಕಕ್ಕಸು ಮೇಸ್ತ್ರಿಗೆ ನೀರು ಚೆಲ್ಲೋ ಮುಖ ನೋಡು!"

ಸ್ತಾನಾ ಯಾರ ಹಿಂದೆಯೂ ನೀರು ಚೆಲ್ಲಿದವಳಲ್ಲ. ಮಗ ಸೈನ್ಯಕ್ಕೆ ಹೊರಟಾಗಲೂ ಲೋಟದಲ್ಲಿ ಬೆರಳು ಅದ್ದಿ ನಾಲ್ಕು ಹನಿ ಚಿಮುಕಿಸಿದ್ದಳಂತೆ!

ಆದರೆ ಅವತ್ತು ಆಕೆ ಹೊಸ್ತಿಲಾಚೆಯ ನೀರನ್ನು ನೋಡಿದಳು, ಮಗಳ ಮುಖವನ್ನು ನೋಡಿದಳು. ಸಂಜೆ ತೊದೋರನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡಳು.

---

ರಾಂಗೆಲ್ ವಾಪಸ್ ಬಂದದ್ದು ಭಾನುವಾರ. ಬಿಳಿ ಶರಟು, ಒದ್ದೆ ಮಾಡಿ ಬಾಚಿದ ಕೂದಲು, ಹೆಗಲ ಮೇಲೆ ಹೊಸ ಟ್ಯಾಂಕು!

ನೆವೆನಾ ಅಡುಗೆಮನೆಯಲ್ಲಿ ಚೀಸಿನ ಕಡುಬು ಒಲೆಗಿಟ್ಟು, ಕಿವಿಯನ್ನೆಲ್ಲ ಅಂಗಳದ ಕಡೆ ಇಟ್ಟಿದ್ದಳು. 'ಈಗ ಕೇಳ್ತಾನೆ... ಈಗ ಕೇಳ್ತಾನೆ...'

ಅಂಗಳದಲ್ಲಿ ತೊದೋರ್ ಮೇಜು ಹಾಕಿಸಿ, ಬೀದಿಯ ಹಿರಿಯರನ್ನೆಲ್ಲ ಕೂರಿಸಿದ್ದ. ಮೇಜಿನ ಮೇಲೆ ದುಂಡನೆಯ ರೊಟ್ಟಿ, ಕೆಂಪು ಸೇಬು, ಹೂವು ಕಟ್ಟಿದ ಸಾರಾಯಿಯ ಸೋರೆಬುರುಡೆ. ಅದನ್ನು ಕಂಡೊಡನೆ ರಾಂಗೆಲನ ಹೆಜ್ಜೆ ನಿಂತಿತು. ಆ ಮೂರು ಸಾಮಾನು ಒಟ್ಟಿಗೆ ಇಡುವುದು ಏತಕ್ಕೆ ಅಂತ ಬೆಟ್ಟದ ಹಳ್ಳಿಯಿಂದ ಬಂದ ಅವನಿಗೆ ಹೇಳಿಕೊಡಬೇಕಿರಲಿಲ್ಲ.

ತೊದೋರ್ ಎದ್ದು ಬಂದು ಅವನ ಎರಡೂ ಕೆನ್ನೆಗೆ ಮುತ್ತಿಟ್ಟ.

"ರಾಂಗೆಲ್! ದೇವರ ಮುಂದೆ, ಈ ಹಿರಿಯರ ಮುಂದೆ ಕೇಳ್ತೀನಿ. ನನ್ನ ಮಗನಿಗೆ ನೀನು ಕೂಮ ಆಗ್ಬೇಕು!"

ಕೂಮ ಅಂದರೆ ಜ್ಞಾನಸ್ನಾನದಲ್ಲಿ ಮಗುವನ್ನು ಎತ್ತಿ ಹಿಡಿದು ಹೆಸರಿಡುವವನು. ಅವತ್ತಿನಿಂದ ಅವನು ಆ ಮನೆಗೆ ರಕ್ತಸಂಬಂಧಿಗಿಂತ ಹತ್ತಿರ. ಕರೆದರೆ ಇಲ್ಲವೆನ್ನುವ ಹಾಗಿಲ್ಲ. ಇಲ್ಲವೆಂದರೆ ಆ ದೋಷ ಹೆಸರಿಲ್ಲದ ಕೂಸಿನ ತಲೆಯ ಮೇಲೆ.

ಕೂಮನಾದವನು ಆ ಮನೆಯ ಹೆಣ್ಣನ್ನು ಮದುವೆಯಾಗುವ ಹಾಗೂ ಇಲ್ಲ. ಒಡಹುಟ್ಟಿದವಳನ್ನು ಮದುವೆಯಾದಷ್ಟೇ ಪಾಪ ಅದು.

ಎದುರುಮನೆ ಮ್ಲಾದೆನ್ ತಲೆ ತಗ್ಗಿಸಿ ಕೂತಿದ್ದ. ತೊದೋರನ ಮದುವೆಗೆ ಸಾಕ್ಷಿಯಾಗಿ, ಕೂಮನಾಗಿ ನಿಂತವನು ಅವನು. ಪದ್ಧತಿಯಂತೆ ಮಗುವಿಗೂ ಅವನೇ ನಿಲ್ಲಬೇಕಿತ್ತು. ಅವನನ್ನು ಯಾಕೆ ಬಿಟ್ಟರು ಅಂತ ಹಿರಿಯರು ಮುಖ ಮುಖ ನೋಡಿಕೊಂಡರು. ಕೇಳಿದವರಿಲ್ಲ.

ರಾಂಗೆಲನ ತುಟಿ ಅಲುಗಿತು. "ತೊದೋರ್, ನಾನು... ನಾನು ಬೇರೇನೋ ಕೇಳೋಕೆ..."

ತೊದೋರ್ ಅವನನ್ನು ಅಪ್ಪಿಕೊಳ್ಳುವ ಹಾಗೆ ಮಾಡಿ ಕಿವಿಯಲ್ಲಿ ಉಸುರಿದ. "ನೆವೆನಾಳೇ ನಿನ್ನ ಹೆಸರು ಹೇಳಿದ್ದು ಕಣಪ್ಪಾ. 'ಅವನು ನಂಗೆ ಅಣ್ಣನ ಹಾಗೆ, ಹೇಗಾದ್ರೂ ಮನೆಯವನನ್ನಾಗಿ ಮಾಡ್ಕೋ' ಅಂತ ಒಂದೇ ಹಟ!"

ಪೆರ್ಸಾ ಮಗುವನ್ನು ತಂದು ಅವನ ಮುಂದೆ ಹಿಡಿದಳು. ಕೂಸಿನ ಪುಟ್ಟ ಮುಷ್ಟಿಯನ್ನು ತೊದೋರ್ ತಾನೇ ಬಿಡಿಸಿ ರಾಂಗೆಲನ ಹೆಬ್ಬೆರಳಿಗೆ ಸಿಕ್ಕಿಸಿದ. ಕೂಸು ಗಟ್ಟಿಯಾಗಿ ಹಿಡಿದುಕೊಂಡು ನಕ್ಕಿತು...

ರಾಂಗೆಲ್ ಹೆಗಲಿನ ಟ್ಯಾಂಕನ್ನು ಕೆಳಗಿಳಿಸಿದ. ಬುರುಡೆ ಎತ್ತಿ ಕುಡಿದ.

"ಆಗಲಿ."

"ಕೂಮ ಸಿಕ್ಕ! ಕೂಮ ಸಿಕ್ಕ!" ಅಂಗಳವೆಲ್ಲ ಚಪ್ಪಾಳೆ.

ಕಡುಬಿನ ತಟ್ಟೆ ಹಿಡಿದು ಬಾಗಿಲಿಗೆ ಬಂದ ನೆವೆನಾ ಅಲ್ಲೇ ಕಲ್ಲಾದಳು. ತೊದೋರ್ ಬಂದು ಅವಳ ಕೈಯಿಂದ ತಟ್ಟೆ ತೆಗೆದುಕೊಂಡ.

"ಏನು ನೋಡ್ತೀಯಾ? ಅವನೇ ಬಂದು ಕೇಳ್ಕೊಂಡ. 'ಈ ಊರಲ್ಲಿ ನಂಗೆ ಯಾರೂ ಇಲ್ಲ, ನಿಮ್ಮ ಮನೆಗೊಬ್ಬ ಬಂಧು ಆಗ್ಬೇಕು' ಅಂತ. ಒಳ್ಳೆ ಮನುಷ್ಯ. ಇನ್ಮೇಲೆ ನಿಂಗೆ ಇಬ್ಬರು ಅಣ್ಣಂದಿರು!"

'ಅಣ್ಣನ ಹತ್ರ ಕೇಳೋ ಮಾತು ಅಂದ್ರೆ... ಇದಾ?'

ಅವಳ ಕಣ್ಣ ಮುಂದೆ ಸಿಮೆಂಟು, ನೂಲುಂಡೆ, ಕೆಂಪಾದ ಕಿವಿ ಎಲ್ಲ ಸುತ್ತಿದವು. ಎಂಥ ಹುಚ್ಚಿ ನಾನು! ಇಪ್ಪತ್ತೊಂಬತ್ತಕ್ಕೆ ಎಂಥ ಹುಚ್ಚಿ...

ರಾಂಗೆಲ್ ಪಾಯಿಖಾನೆಯೊಳಗೆ ಟ್ಯಾಂಕು ಕೂರಿಸುತ್ತಿದ್ದ. ಅವಳು ಹೋಗಿ ಬಾಗಿಲಲ್ಲಿ ನಿಂತಳು.

"ಸಂತೋಷ ಆಯ್ತು, ಕೂಮ."

ಅವನು ತಿರುಗಲಿಲ್ಲ. "ನಂಗೂ ಸಂತೋಷವೇ... ತಂಗಿ."

ಆಮೇಲೆ ಸ್ಪ್ಯಾನರಿಗೆ ತನ್ನ ಮೈಭಾರವನ್ನೆಲ್ಲ ಹಾಕಿ ನಟ್ ಬಿಗಿದ. ಒಂದು ಸುತ್ತು. ಇನ್ನೊಂದು ಸುತ್ತು. ಸಾಕಿತ್ತು, ಆದರೂ ಮತ್ತೊಂದು ಸುತ್ತು! ಪಿಂಗಾಣಿ ಎಲ್ಲೋ ಒಳಗೆ ಟಿಕ್ ಅಂದಿತು. ಇಬ್ಬರ ಕಿವಿಗೂ ಅದು ಬೀಳಲಿಲ್ಲ.

---

ಜ್ಞಾನಸ್ನಾನಕ್ಕೆ ಬರುವ ಕೂಮನಿಗೆ ಮನೆಯವರು ಶರಟು ಉಡುಗೊರೆ ಕೊಡಬೇಕು. ಬಟ್ಟೆ ತಂದು ನೆವೆನಾಳ ಮಡಿಲಿಗೆ ಎಸೆದವಳು ಪೆರ್ಸಾ.

"ನೀನೇ ಹೊಲಿ. ನಿಂಗೇ ತಾನೆ ಅವನ ಅಳತೆ ಚೆನ್ನಾಗಿ ಗೊತ್ತಿರೋದು? ದಿನಾ ನೋಡ್ತಿದ್ದೆಯಲ್ಲಾ!"

ಹಗಲು ಮಗ್ಗ, ಸಂಜೆ ಶರಟು. ಕಾಲರಿಗೆ ಕಸೂತಿ ಹಾಕುವಾಗ ಸೂಜಿ ಚುಚ್ಚಿ ರಕ್ತ ಬಂದರೆ ಅವಳು ಬೆರಳನ್ನು ಬಾಯಿಗಿಟ್ಟು ಸುಮ್ಮನಾಗುತ್ತಿದ್ದಳು. ಸ್ತಾನಾ ಬಂದು ಬಟ್ಟೆ ಎತ್ತಿ ನೋಡುವಳು. "ಕಲೆ ಮಾಡಬೇಡ. ರಕ್ತದ ಕಲೆ ತೆಗೆಯೋಕೆ ಸಾಬೂನು ಜಾಸ್ತಿ ಬೇಕು."

ಅಷ್ಟರಲ್ಲಿ ಹೊಸ ಟ್ಯಾಂಕು ಸೋರತೊಡಗಿತು!

ಮೊದಲು ಬೆವರಿದ ಹಾಗೆ. ಆಮೇಲೆ ಹನಿ ಹನಿ. ಸ್ತಾನಾ ಅದರ ಕೆಳಗೆ ಬೋಗುಣಿ ಇಟ್ಟು, ತುಂಬಿದ ನೀರಲ್ಲಿ ಪಾತ್ರೆ ತೊಳೆದಳು. ಬೋಗುಣಿ ಸಾಲದಾದಾಗ ಮೇಸ್ತ್ರಿಗೆ ಹೇಳಿ ಕಳಿಸಿದಳು. ಹೊಸ ಟ್ಯಾಂಕು ಅವನ ಖರ್ಚು, ಕೂಲಿಯೂ ಇಲ್ಲ ಅಂತ ಮೊದಲೇ ಕೂಗಿ ಹೇಳಿದಳು.

ಅವನು ಬಂದದ್ದು ಫೆಬ್ರವರಿ ಕೊನೆಯ ಶನಿವಾರ, ಜ್ಞಾನಸ್ನಾನದ ಹಿಂದಿನ ದಿನ. ಅದು ಸತ್ತವರ ಶನಿವಾರ. ಊರಿಗೆ ಊರೇ ಬೇಯಿಸಿದ ಗೋಧಿ, ವೈನು, ಮೇಣದಬತ್ತಿ ಹಿಡಿದು ಗೋರಿಗಳ ಹತ್ತಿರ ಹೋಗಿತ್ತು. ಮನೆಯಲ್ಲಿ ನೆವೆನಾ, ತೊಟ್ಟಿಲಲ್ಲಿ ಕೂಸು, ಇಬ್ಬರೇ.

ರಾಂಗೆಲ್ ತಾನು ತಂದಿದ್ದ ಇನ್ನೊಂದು ಟ್ಯಾಂಕನ್ನು ಕೆಳಗಿಟ್ಟು, ಸೋರುವುದನ್ನು ಇಳಿಸಿದ. ಅದರ ಬುಡಕ್ಕೆ ಬೆರಳು ಹಾಕಿ ಬಿರುಕನ್ನು ಸವರಿದ.

"ನಂದೇ ತಪ್ಪು. ಹೆಚ್ಚಿಗೆ ಬಿಗಿದಿದೀನಿ. ಇಷ್ಟು ವರ್ಷದಲ್ಲಿ ಒಂದೇ ಒಂದು ಟ್ಯಾಂಕು ಹೀಗೆ ಮಾಡಿರಲಿಲ್ಲ."

ನೆವೆನಾ ಶರಟನ್ನು ಅವನ ಮುಂದೆ ಚಾಚಿದಳು. "ಅಳತೆ ನೋಡ್ಕೊಳ್ಳಿ. ನಾಳೆ ಹಾಕ್ಕೋಬೇಕಲ್ಲ."

"ನೀವೇ ಹೊಲಿದ್ರಾ?"

"ಹೊಲಿಸಿದ್ರು."

ಅವನು ಕಹಿಯಾಗಿ ನಕ್ಕ. "ಹೊಲಿಸಿದ್ರಾ! ನನ್ನನ್ನ ಮನೆಯವನನ್ನಾಗಿ ಮಾಡ್ಕೋ ಅಂತ ಅಣ್ಣನ ಹತ್ರ ಹಟ ಮಾಡೋರು ನೀವು. ಹೊಲಿಸೋರು ಬೇರೆ ಯಾರೋ?"

"ಏನಂದ್ರಿ?"

"ಅಣ್ಣನ ಹಾಗೆ ಕಾಣ್ತೀನಂತೆ ನಿಮಗೆ. ಆವತ್ತು ಬಿಳಿ ಶರಟು ಹಾಕಿ, ದಾರಿಯುದ್ದಕ್ಕೂ ಮಾತು ಉರು ಹೊಡೆಯುತ್ತಾ ಬಂದಿದ್ದೆ. ನಿಮ್ಮ ಕೈ ಕೇಳೋಕೆ! ಬಂದ್ರೆ... ಕೈಗೆ ಕೂಸು ಕೊಟ್ರಿ."

ನೆವೆನಾ ಚಾಚಿದ ಶರಟನ್ನು ಹಿಂದಕ್ಕೆ ಎಳೆದುಕೊಂಡಳು.

"ನನ್ನ... ಕೈ? ನೀವೇ ಕೂಮ ಆಗ್ತೀನಿ ಅಂತ ಕೇಳ್ಕೊಂಡ್ರಿ ಅಂದ ಅಣ್ಣ! ಈ ಊರಲ್ಲಿ ನಂಗೆ ಯಾರೂ ಇಲ್ಲ ಅಂದ್ರಂತೆ..."

"ನಾನು? ನಾನ್ಯಾಕೆ ಹಾಗನ್ನಲಿ? ನನಗೆ ನೀವಿದ್ದೀರಿ ಅಂದ್ಕೊಂಡಿದ್ದೆ!"

ತೊಟ್ಟಿಲಲ್ಲಿ ಕೂಸು ತನ್ನ ಕಾಲನ್ನು ತಾನೇ ಹಿಡಿದು ಆಡುತ್ತಿತ್ತು.

ರಾಂಗೆಲ್ ನಿಧಾನವಾಗಿ ಮಗ್ಗದ ಕಡೆ ನೋಡಿದ. "ಈ ಮನೆಯಲ್ಲಿ ಎರಡು ಮುಖ ಇಲ್ಲದ್ದು ಅಂದ್ರೆ, ಎರಡೂ ಮಗ್ಗುಲಿಗೆ ಒಂದೇ ಚಿತ್ತಾರ ಹಾಕಿ ನೀನು ನೇಯ್ದ ಜಮಖಾನೆ ಒಂದೇ ನೆವೆನಾ..."

ಮೊದಲ ಸಲ 'ನೀನು' ಅಂದಿದ್ದ. ಮೊದಲ ಸಲ ಹೆಸರು ಹಿಡಿದಿದ್ದ. ಅವಳು ಮುಖ ಮುಚ್ಚಿಕೊಂಡು ಅತ್ತಳು.

"ಆಗಲ್ಲ ಅಂದುಬಿಡು! ನಾಳೆ ಚರ್ಚಿಗೆ ಬರಬೇಡ!"

ಅವನು ತೊಟ್ಟಿಲ ಹತ್ತಿರ ಕೂತ. ಕೂಸು ಮತ್ತೆ ಅವನ ಹೆಬ್ಬೆರಳು ಹುಡುಕಿ ಹಿಡಿಯಿತು.

"ನನ್ನ ಕೂಮನೂ ಬರಲಿಲ್ಲ ಕಣೇ. ನಮ್ಮಪ್ಪನ ಮೇಲೆ ಮುನಿಸು ಅವನಿಗೆ. ಹಳ್ಳಿಯಲ್ಲಿ ಯಾರ ಹಸು ಸತ್ರೂ, ಯಾರ ಬೆಳೆಗೆ ಆಲಿಕಲ್ಲು ಬಿದ್ರೂ 'ಕೂಮ ಬಿಟ್ಟ ಹುಡುಗ' ಅಂತ ನನ್ನನ್ನೇ ತೋರಿಸೋರು. ಆಟಕ್ಕೆ ಸೇರಿಸ್ಕೋತಿರಲಿಲ್ಲ. ಅದನ್ನ ಈ ಕೂಸಿಗೆ ಮಾಡ್ಲಾ? ಹೇಳು. ನೀನು ಮಾಡು ಅಂದ್ರೆ ಮಾಡ್ತೀನಿ."

ನೆವೆನಾ ಕೂಸನ್ನು ನೋಡಿದಳು. ಹುಟ್ಟಿದ ದಿನದಿಂದ ಅದನ್ನು ಎತ್ತಿ ಆಡಿಸಿದವಳು ಅವಳೇ. ಅಪ್ಪನ ಮೋಸಕ್ಕೆ ಇದು ಏನು ಮಾಡೀತು?

'ಮಾಡು' ಅನ್ನಲು ಅವಳಿಗೆ ನಾಲಿಗೆ ಏಳಲಿಲ್ಲ.

ಅವಳು ಸೆರಗಿನಂಥ ತಲೆವಸ್ತ್ರದಿಂದ ಕಣ್ಣೊರೆಸಿಕೊಂಡು ತಲೆ ಎತ್ತಿದಳು.

"ಬೇಡ ಅನ್ನಬೇಡ. ಒಂದು ಕೇಳ್ತೀನಿ. ಮನೆಯ ಅಳಿಯ ಆ ಮನೆ ಕೂಸಿಗೆ ಕೂಮ ಆಗಬಹುದಾ?"

"ಎಲ್ಲಾದ್ರೂ ಉಂಟಾ? ಕೂಮ ಹೊರಗಿನವನೇ ಆಗ್ಬೇಕು."

"ನಾಳೆ ಗಂಟೆ ಹೊಡೆಯೋದ್ರೊಳಗೆ ನಾನು ನಿನ್ನ ಮನೆ ಹೊಸ್ತಿಲು ದಾಟಿದ್ರೆ?"

ರಾಂಗೆಲ್ ಕಣ್ಣು ಮಿಟುಕಿಸದೆ ನೋಡಿದ.

"ಆಗ... ಆಗ ಪದ್ಧತಿ ಪ್ರಕಾರ ನೀನು ನನ್ನ ಹೆಂಡತಿ. ನಾನು ಇವನ ಮಾವ. ನಾನು ಒಲ್ಲೆ ಅಂದ ಹಾಗಾಗಲ್ಲ. ಪದ್ಧತಿಯೇ ನನ್ನ ಬಿಡಿಸಿಬಿಡತ್ತೆ!"

"ಮ್ಲಾದೆನ್ ಕೂಮ ಎದುರುಮನೆಯಲ್ಲೇ ಇದಾನೆ. ಅವನ ಹಕ್ಕು ಅದು. ಕರೆದ್ರೆ ಓಡಿ ಬರ್ತಾನೆ. ಕೂಸಿಗೆ ಏನೂ ದೋಷ ಇಲ್ಲ."

"ನೆವೆನಾ... ನೀನು ನನ್ನ ಕೈ ಕೇಳ್ತಿದೀಯಾ?"

"ನೀನು ಕೇಳ್ತೀನಿ ಅಂದು ಸಿಮೆಂಟು ಒಣಗಿಸ್ತಾ ಕೂತೆ. ಇನ್ನೇನು ಮಾಡ್ಲಿ?"

ಅವನು ನಕ್ಕ. ಅಳುತ್ತಾ ನಕ್ಕ. ಎದ್ದು ಅವಳ ಕೈ ಹಿಡಿದು ಬಾಗಿಲ ಕಡೆ ಎಳೆದ. "ಈಗಲೇ ಹೊರಡು! ಮಧ್ಯಾಹ್ನ ಬೆಟ್ಟಕ್ಕೆ ಬಸ್ಸಿದೆ."

ಅವಳು ಕೈ ಬಿಡಿಸಿಕೊಂಡಳು.

"ಮೊದಲು ಟ್ಯಾಂಕು ಕೂರಿಸು. ಮೇಸ್ತ್ರಿ ಕೆಲಸ ಅರ್ಧಕ್ಕೆ ಬಿಟ್ಟು ಹುಡುಗಿ ಹಾರಿಸ್ಕೊಂಡು ಹೋದ ಅನ್ನಿಸ್ಕೋಬೇಡ."

ಅವನು ಹೊಸದನ್ನು ಕೂರಿಸಿದ. ವಾಷರ್ ಒದ್ದೆ ಮಾಡಿ ಹಾಕಿ, ನಟ್ಟನ್ನು ಬರಿಗೈಯಲ್ಲಿ ಬಿಗಿದ. ಸ್ಪ್ಯಾನರಿನಿಂದ ಅರ್ಧವೇ ಸುತ್ತು. ನೆವೆನಾ ಕೆಳಗೆ ನಿಂತು ಸರಪಳಿಯ ತುದಿ ಎತ್ತಿಕೊಟ್ಟಳು. ನೆಲಮಾಳಿಗೆಯ ವಾಲ್ವ್ ತೆರೆದಾಗ ನೀರು ಸಿಳ್ಳು ಹಾಕುತ್ತಾ ಮೇಲೇರಿ ಟ್ಯಾಂಕು ತುಂಬಿತು. ಒಂದು ಹನಿಯೂ ಜಿನುಗಲಿಲ್ಲ. ಕೂಸನ್ನು ಎದುರುಮನೆಗೆ ಒಪ್ಪಿಸಿ ಹೊರಡೋಣವೆಂದು ನೆವೆನಾ ಕೋಟು ತೊಟ್ಟುಕೊಂಡಳು.

ಆಗ ಅಂಗಳದ ಬಾಗಿಲು ಕಿರುಗುಟ್ಟಿತು.

---

ಸ್ತಾನಾ ಮೇಣದಬತ್ತಿ ಮರೆತು ವಾಪಸ್ ಬಂದಿದ್ದಳು.

ಮಗಳ ಮುಖ ನೋಡಿದಳು. ಮೇಸ್ತ್ರಿಯ ಮುಖ ನೋಡಿದಳು. ಏನಾಯಿತು ಅಂತ ಕೇಳಲಿಲ್ಲ. ಎಲ್ಲ ತಿಳಿದವಳಂತೆ ಗೂಡಿನಿಂದ ಮೇಣದಬತ್ತಿಯ ಕಟ್ಟು ಎತ್ತಿಕೊಂಡಳು.

"ಹೊರಟೆಯಾ?"

"ಹೊರಟೆ ಅಮ್ಮಾ. ನಿನಗೂ ಗೊತ್ತಿತ್ತು ಅಲ್ವಾ? ಕೂಮನ ಉಪಾಯ ನಿಂದೇ ಅಲ್ವಾ?"

"ನಂದೇ." ಮುದು‌ಕಿಯ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ನಿನ್ನ ಕಳಿಸಿದ್ರೆ ಈ ಮನೆಗೆ ಅನ್ನ ಯಾರು ಹಾಕ್ತಾರೆ? ನಿನ್ನಣ್ಣನಾ? ಅವನಿಗೆ ಕಾಫಿ ಕುಡಿಯೋದೊಂದು ಬಿಟ್ಟು ಬೇರೇನು ಬರತ್ತೆ?"

"ನಾನು ನಿನ್ನ ಮಗಳಲ್ವಾ ಅಮ್ಮಾ..."

"ಇವತ್ತು ಸತ್ತವರ ಶನಿವಾರ. ನಿಮ್ಮಪ್ಪನಿಗೆ ಒಂದು ಬತ್ತಿ ಹಚ್ಚೋಕೆ ಹೊರಟಿದ್ದೆ. ಈ ಹೊಸ್ತಿಲು ದಾಟಿದ್ರೆ ಎರಡು ಹಚ್ತೀನಿ. ಒಂದು ನಿಂಗೆ."

ರಾಂಗೆಲ್ ಮುಂದೆ ಬಂದ. "ಅಮ್ಮಾ, ಹಾಗನ್ನಬೇಡಿ..."

"ನೀನು ಸುಮ್ಮನಿರಯ್ಯಾ! ನಿನ್ನ ಕೂಲಿ ಇಲ್ಲ ಅಂತ ಮೊದಲೇ ಹೇಳಿದೀನಿ." ಆಕೆ ಮಗಳ ಕಡೆ ತಿರುಗಿದಳು. "ಕೋಟು ಬಿಚ್ಚು. ಅದು ಈ ಮನೆ ದುಡ್ಡಿನದು."

ನೆವೆನಾ ಉಣ್ಣೆಯ ಕೋಟು ಬಿಚ್ಚಿ ಮಗ್ಗದ ಮೇಲಿಟ್ಟಳು. ಆ ದುಡ್ಡು ನೇಯ್ದ ಬೆರಳು ತನ್ನವೇ ಅಂತ ಅನ್ನಬಹುದಿತ್ತು. ಅನ್ನಲಿಲ್ಲ.

"ತಲೆವಸ್ತ್ರ."

ಅದನ್ನೂ ಬಿಚ್ಚಿದಳು.

ಸ್ತಾನಾ ಎರಡನ್ನೂ ಮಡಚಿ ಎದೆಗವುಚಿಕೊಂಡಳು. ಕೂಸಿನ ತೊಟ್ಟಿಲನ್ನು ಕಾಲಿನಿಂದ ತನ್ನ ಕಡೆ ಎಳೆದುಕೊಂಡಳು. "ಇನ್ನು ಹೋಗು."

ನೆವೆನಾ ಬಾಗಿ ಕೂಸಿನ ಹಣೆಗೆ ಮುತ್ತಿಟ್ಟಳು. ತಾಯಿಯ ಕೈಗೆ ಮುತ್ತಿಡಲು ಹೋದಳು. ಆ ಕೈ ಹಿಂದಕ್ಕೆ ಸರಿಯಿತು.

ಹೊರಗೆ ಚಳಿ ಮುಖಕ್ಕೆ ಹೊಡೆಯಿತು. ರಾಂಗೆಲ್ ತನ್ನ ಕುರಿಚರ್ಮದ ಅಂಗಿಯನ್ನು ತೆಗೆದು ಅವಳಿಗೆ ಹೊದಿಸಿದ. ಇಬ್ಬರೂ ಅಂಗಳ ದಾಟಿ ಬೀದಿಬಾಗಿಲ ಹತ್ತಿರ ಬಂದರು.

ಅಲ್ಲಿ ನೆವೆನಾಳ ಕಾಲು ನಿಂತವು. ಮನೆಯ ಕಡೆ ತಿರುಗಿದಳು. ಹೊಸ್ತಿಲ ಮೇಲೆ ಯಾರೂ ಇರಲಿಲ್ಲ. ಬಾಗಿಲು ಮುಚ್ಚಿತ್ತು.

"ಏನು ಕಾಯ್ತಿದೀಯಾ?" ಅವನು ಮೆಲ್ಲಗೆ ಕೇಳಿದ.

"ಏನಿಲ್ಲ... ಮನೆ ಬಿಟ್ಟು ಹೊರಟ ಎಲ್ಲ ಹುಡುಗಿಯರ ಹಿಂದೆ ತಾಯಿ ಒಂದು ಚೊಂಬು ನೀರು ಚೆಲ್ತಾಳೆ ರಾಂಗೆಲ್. ನನ್ನ ಹಿಂದೆ..."

ಅವನು ಅವಳ ಭುಜ ಹಿಡಿದು ನಿಂತ.

ಆಗ ಕೇಳಿಸಿತು.

ಮನೆಯೊಳಗಿಂದ ಸರಪಳಿಯ ಸದ್ದು. ಅದರ ಹಿಂದೆಯೇ ಟ್ಯಾಂಕಿನ ನೀರು ಭೋರೆಂದು ಇಳಿದು, ಹೊರಗೋಡೆಯ ಕೊಳವೆಯಲ್ಲಿ ಹರಿದು, ಬೀದಿಬಾಗಿಲ ಪಕ್ಕದಲ್ಲಿ, ನೆವೆನಾಳ ಕಾಲಿನ ಕೆಳಗೇ ಭೂಮಿಯೊಳಗೆ ಹಾದು ಹೋಯಿತು.

ಬೆಳಿಗ್ಗೆಯ ಸರಪಳಿ ಬೆಳಿಗ್ಗೆಯೇ ಎಳೆದಾಗಿತ್ತು! ಆ ಮನೆಯಲ್ಲಿ ದಿನಕ್ಕೆ ಎರಡನೇ ಸಲ ಯಾರೂ ಎಳೆದದ್ದಿಲ್ಲ. ಅಪ್ಪ ಸತ್ತ ದಿನವೂ ಇಲ್ಲ...

ಟ್ಯಾಂಕು ಮತ್ತೆ ತುಂಬುವ ಸಿಳ್ಳು ಕೇಳಿತು. ತುಂಬಿತು. ಒಂದು ಗಳಿಗೆ ಸುಮ್ಮನಿತ್ತು.

ಮತ್ತೊಮ್ಮೆ ಸರಪಳಿ. ಮತ್ತೊಮ್ಮೆ ಅಷ್ಟೂ ನೀರು!

ಬಾಗಿಲು ಮಾತ್ರ ತೆರೆಯಲಿಲ್ಲ. ಕಿಟಕಿಯ ಪರದೆಯೂ ಅಲುಗಲಿಲ್ಲ. ಆಮೇಲೆ ಸ್ತಾನಾ ಗೋರಿಗಳ ಹತ್ತಿರ ಹೋಗಿ ಎರಡು ಬತ್ತಿ ಹಚ್ಚಿದಳು, ಹೇಳಿದ ಹಾಗೇ. ಸಾಯುವ ತನಕ ಮಗಳ ಹೆಸರನ್ನು ಬಾಯಲ್ಲಿ ಆಡಲಿಲ್ಲ, ಆಡಗೊಡಲೂ ಇಲ್ಲ.

ಬೀದಿಬಾಗಿಲಲ್ಲಿ ನಿಂತ ಇಬ್ಬರಿಗೆ ಅದೊಂದೂ ಗೊತ್ತಿರಲಿಲ್ಲ.

"ಕೇಳಿಸ್ತಾ?" ನೆವೆನಾ ಪಿಸುಗುಟ್ಟಿದಳು. ಕಣ್ಣೀರು ಗಲ್ಲದ ಮೇಲೇ ತಣ್ಣಗಾಗುತ್ತಿತ್ತು.

"ಕೇಳಿಸ್ತು."

"ಎರಡು ಸಲ..."

"ಎರಡು ಸಲ."

"ಈ ಸಲ ಸೋರಲ್ಲ ತಾನೆ?"

"ಸೋರಲ್ಲ." ಅವನು ಅವಳ ಕೈಗಳನ್ನು ಮೊದಲ ದಿನದ ಹಾಗೆ ತನ್ನ ಎದೆಯ ಮೇಲೆ ಇಟ್ಟುಕೊಂಡ. "ಬರಿಗೈಯಲ್ಲಿ ಬಿಗಿದದ್ದು. ಎಷ್ಟು ಬೇಕೋ ಅಷ್ಟೇ."

"ನನ್ನನ್ನೂ ಹಾಗೇ ಹಿಡ್ಕೋ."

"ಹಾಗೇ ಹಿಡ್ಕೋತೀನಿ."

ಎದುರುಮನೆಯ ಮ್ಲಾದೆನ್ ಕಿಟಕಿಯಿಂದ ಎಲ್ಲ ನೋಡುತ್ತಿದ್ದ. ಅವನು ಒಳಗೆ ಹೋಗಿ ನಾಳೆಗೆಂದು ಪೆಟ್ಟಿಗೆಯಿಂದ ತನ್ನ ಒಳ್ಳೆಯ ಕೋಟು ತೆಗೆದು ಕೊಡವಿದ.

ಮಧ್ಯಾಹ್ನದ ಬಸ್ಸಿಗೆ ನೆವೆನಾ, ರಾಂಗೆಲ್ ಬೆಟ್ಟಕ್ಕೆ ಹೋದರು. ಅವತ್ತು ಶನಿವಾರ, ಸತ್ತವರ ದಿನ.